ಮಹಡಿ ಮೇಲಿನ ಚಪ್ಪಾಳೆ

ವಿದ್ಯಾರಣ್ಯಪುರಂ, ಮೈಸೂರು
9 ಜೂನ್ 2025

ರೋಸ್ಲಿನಕ್ಕ,

ಕಾಗದ ನೋಡಿ ಗಾಬರಿಯಾಗಬೇಡ, ಇಲ್ಲಿ ಯಾರೂ ಸತ್ತಿಲ್ಲ. ಇವರ ಸಕ್ಕರೆ ಹತೋಟಿಯಲ್ಲಿದೆ, ನನ್ನ ಮಂಡಿನೋವು ಇದ್ದಲ್ಲೇ ಇದೆ. ಫೋನು ಮಾಡಬಹುದಿತ್ತು. ಆದರೆ ನನ್ನ ಫೋನು ಕೊಡಿಸಿದವನು ನವೀನ. ನಾನು ಯಾರಿಗೆ ಏನು ಹೇಳಿದೆ ಎನ್ನುವುದೆಲ್ಲ ಅವನ ಕಂಪ್ಯೂಟರಿನಲ್ಲೂ ಬೀಳುತ್ತದಂತೆ, ಎದುರುಮನೆ ತೇಜಸ್ವಿನಿ ಹೇಳಿದಳು. ನಿಮ್ಮ ಕೂನೂರಿನ ಕಾನ್ವೆಂಟಿನ ಫೋನೋ ಮದರ್ ಅವರ ಮೇಜಿನ ಮೇಲೆ. ಎರಡು ಕಡೆಯೂ ಕಿವಿಗಳಿರುವಾಗ ಅಂಚೆಯೇ ಮೇಲು.

ವಿಷಯ ನನ್ನ ಆ ಮಗನದೇ. ಗುರುಮಠದಿಂದ ರಜೆಯೆಂದು ಬಂದವನು ವರ್ಷ ದಾಟಿದರೂ ಹಿಂದಕ್ಕೆ ಹೋಗಿಲ್ಲ. ಇನ್ನೆರಡು ವರ್ಷ ಓದಿದ್ದರೆ ಪಾದ್ರಿಯಾಗಿ ಪೀಠದ ಮುಂದೆ ನಿಲ್ಲಬೇಕಾಗಿದ್ದ ಹುಡುಗ. ಯಾಕೆ ಬಂದೆ ಎಂದು ನಾನು ಕೇಳಿಲ್ಲ. ಕೇಳಿದರೆ ಎಲ್ಲಿ ಉತ್ತರ ಹೇಳಿಬಿಡುತ್ತಾನೋ ಎಂಬ ಹೆದರಿಕೆ. ಪೂಜೆ ಮುಗಿದ ಮೇಲೆ ಚರ್ಚಿನ ಬಾಗಿಲಲ್ಲಿ ವಿಚಾರಿಸುವವರಿಗೆಲ್ಲ 'ಮೈಯಲ್ಲಿ ಹುಷಾರಿಲ್ಲ, ಮುಂದಿನ ಜೂನಿಗೆ ಹೋಗ್ತಾನೆ' ಎನ್ನುತ್ತಿದ್ದೆ. ಈಗ ಆ ಜೂನೂ ಬಂದು ಕೂತಿದೆ.

ಮಹಡಿ ಕೋಣೆಗೆ ಹೊಸ ವರ್ಷದ ಹೊತ್ತಿಗೆ ಒಬ್ಬ ವಿದೇಶಿ ಹೆಂಗಸು ಬಾಡಿಗೆಗೆ ಬಂದಳು. ಅರವತ್ತು ದಾಟಿದ್ದಾಳೆ, ಸೊಂಟನೋವಿಗೆ ಯೋಗ ಕಲಿಯಲು ಬಂದಿದ್ದಾಳಂತೆ. ಅಂಥವರೆಲ್ಲ ಗೋಕುಲಂ ಕಡೆ ಇರುತ್ತಾರೆ, ಇವಳೊಬ್ಬಳು ಊರಿನ ಈ ತುದಿಗೆ ಯಾಕೆ ಬಂದಳು ಎಂದು ನನಗೆ ಮೊದಲ ದಿನವೇ ಅನುಮಾನ. ಹೆಸರು ಗ್ರಾಸಿಯೇಲಾ, ನನ್ನ ಬಾಯಲ್ಲಿ ಗ್ರೇಸಿಯಮ್ಮ. ದೇಶ ಕೊಲಂಬಿಯಾ ಎಂದಳು. ನಮ್ಮ ಜೊತೆ ಇಂಗ್ಲಿಷಿನಲ್ಲಿ ನಾಲ್ಕು ಮಾತಾಡಿ ನಗುತ್ತಾಳೆ. ನಗುವವರನ್ನು ನಾನು ಅಷ್ಟು ಸುಲಭವಾಗಿ ನಂಬುವುದಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಸಂಜೆ ಕಾಫಿ ಆದಮೇಲೆ ನವೀನ ಮಹಡಿಗೆ ಹೋಗುತ್ತಾನೆ. ಸ್ವಲ್ಪ ಹೊತ್ತಿಗೆ ಚಪ್ಪಾಳೆ ಶುರು. ಮೊದಲು ಅವಳು ಏನೋ ಹೇಳಿ ತಟ್ಟುತ್ತಾಳೆ, ಅದನ್ನೇ ಅವನು ಹೇಳಿ ತಟ್ಟುತ್ತಾನೆ. ಎಲ್ಲ ಏಟೂ ಒಂದೇ ಸಮ ಅಲ್ಲ. ಕೆಲವು ಮೆಲ್ಲಗೆ, ಒಂದು ಮಾತ್ರ ಜೋರು. ಕಿಟಕಿ ಕೆಳಗೆ ನಿಂತು ಕೇಳಿದ್ದನ್ನು ಬರೆದಿದ್ದೇನೆ: ಕಾನ್-ತೊ, ಕಾನ್-ತಾಸ್, ಕಾನ್-ತಾ, ಕಾನ್-ತಾ-ಮೋಸ್. ಕೊನೆಗೆ ಇಬ್ಬರೂ ನಗುತ್ತಾರೆ. ಚಪ್ಪಾಳೆ ಹೊಡೆಯುತ್ತ, ಅನ್ಯಭಾಷೆಯಲ್ಲಿ ಪ್ರಾರ್ಥಿಸುವ ಕೂಟಗಳಿವೆಯಲ್ಲ, ನಮ್ಮ ಹುಡುಗ ಅಂಥದ್ದಕ್ಕೆ ಸೇರಿಕೊಂಡನೇ ಎಂದು ನನ್ನ ಅನುಮಾನ. ಗುರುಮಠ ಬಿಟ್ಟು ಬಂದಿದ್ದು ಇದಕ್ಕೇ ಏನು?

ಇವರಿಗೆ ಹೇಳಿದರೆ, "ಬುಡು ಮೇರಿ, ಮಂಕು ಬಡ್ದಂಗೆ ಕೂತಿದ್ದ ಹುಡ್ಗ ಚಪ್ಪಾಳೆನಾದ್ರೂ ಹೊಡೀತಾವ್ನಲ್ಲ" ಎಂದು ಪೇಪರು ಮಗುಚಿದರು.

ನೀನು ಪೆರು ದೇಶದ ಗುಡ್ಡಗಳಲ್ಲಿ ಅಷ್ಟು ವರ್ಷ ಮಿಷನ್ ಮಾಡಿದವಳು, ನಾಲ್ಕು ಪಂಥ ಕಂಡವಳು. ಇದು ಯಾವ ಮಂತ್ರ ತಿಳಿಸು. ಅವನಿಗೆ ಗೊತ್ತಾಗಬಾರದು.

ನಿನ್ನ ತಂಗಿ,
ಪುಷ್ಪಮೇರಿ

*

ಕೂನೂರು
18 ಜೂನ್ 2025

ಪುಷ್ಪ,

ನಿನ್ನ ಕಾಗದವನ್ನು ಪ್ರಾರ್ಥನಾಲಯದಲ್ಲಿ ಕೂತು ಓದಬಾರದಿತ್ತು. ನಾನು ಹೆಗಲು ಕುಣಿಸಿ ನಗುವುದನ್ನು ಕಂಡು ಪಕ್ಕದ ಸಿಸ್ಟರು ಅಳುತ್ತಿದ್ದೇನೆಂದುಕೊಂಡು ಬೆನ್ನು ಸವರಿದರು.

ಅದು ಮಂತ್ರವಲ್ಲ ಮಹರಾಯ್ತಿ, ಸ್ಪ್ಯಾನಿಷ್ ಪಾಠ. ಪೆರುವಿನಲ್ಲೂ ಕೊಲಂಬಿಯಾದಲ್ಲೂ ಆಡುವುದು ಅದನ್ನೇ. ನಾನು ಹಾಡುತ್ತೇನೆ, ನೀನು ಹಾಡುತ್ತೀಯ, ಅವನು ಹಾಡುತ್ತಾನೆ, ನಾವು ಹಾಡುತ್ತೇವೆ. ನಿನ್ನ ಮಗ ಕ್ರಿಯಾಪದ ಬಾಯಿಪಾಠ ಮಾಡುತ್ತಿದ್ದಾನೆ. ಆ ಹೆಂಗಸು ಪುಟ್ಟ ಮಕ್ಕಳ ಟೀಚರಾಗಿದ್ದಿರಬೇಕು. ನಾನಿದ್ದ ಕಡೆ ಮಕ್ಕಳಿಗೆ ಹಾಗೆಯೇ ಕಲಿಸುತ್ತಿದ್ದರು. ಪದವನ್ನು ತುಂಡು ತುಂಡಾಗಿ ಬಿಡಿಸುವುದು, ಒಂದೊಂದು ತುಂಡಿಗೆ ಒಂದು ಚಪ್ಪಾಳೆ, ದನಿ ಒತ್ತಬೇಕಾದ ತುಂಡಿಗೆ ಜೋರು ಚಪ್ಪಾಳೆ. ನಾನೂ ಅಲ್ಲಿಗೆ ಹೋದ ಹೊಸತರಲ್ಲಿ ಮಕ್ಕಳ ಜೊತೆ ಮಣೆ ಮೇಲೆ ಕೂತು ಕೈ ಕೆಂಪಾಗುವ ತನಕ ತಟ್ಟಿದ್ದೇನೆ.

ಭಾಷೆ ಕಲಿಯುವುದು ಪಾಪವಲ್ಲ. ಯಾಕೆ ಕಲಿಯುತ್ತಿದ್ದೀಯ ಎಂದು ಅವನನ್ನೇ ಕೇಳು. ಹಾಗೆಯೇ ಇನ್ನೊಂದು ಪ್ರಶ್ನೆಯನ್ನೂ ಕೇಳಬಹುದು. ಯಾವುದೆಂದು ನಾನು ಹೇಳಬೇಕಾಗಿಲ್ಲ.

ನಿನ್ನ ಯಜಮಾನ ಅಂತೋಣಿಸ್ವಾಮಿಗೆ ನನ್ನ ಪ್ರಾರ್ಥನೆ ತಿಳಿಸು. ಅವರು ಯಾವಾಗಲೂ ನಿನಗಿಂತ ಬುದ್ಧಿವಂತರು.

ರೋಸ್ಲಿನ್

*

ವಿದ್ಯಾರಣ್ಯಪುರಂ
27 ಜೂನ್ 2025

ಅಕ್ಕ,

ನಿನ್ನ ಕಾಗದ ಓದಿದ ದಿನ ನೆಮ್ಮದಿಯಾಗಿತ್ತು. ಮಾರನೇ ದಿನಕ್ಕೆ ಅನುಮಾನ ದುಪ್ಪಟ್ಟಾಯಿತು.

ಭಾಷೆ ಕಲಿಯುವುದು ಪಾಪವಲ್ಲದಿದ್ದರೆ ಮುಚ್ಚುಮರೆ ಯಾಕೆ? ಮೊನ್ನೆ ಮಹಡಿಯಿಂದ ಇಳಿದು ಬಂದವನನ್ನು, "ಏನಪ್ಪಾ, ಮೇಲ್ಗಡೆ ಏನ್ ನಡೀತಿದೆ" ಎಂದೆ. "ಏನಿಲ್ಲ ಕಣಮ್ಮ, ಸುಮ್ನೆ ಮಾತಾಡ್ತಿದ್ವಿ" ಎಂದ. ಕಣ್ಣು ಮಾತ್ರ ನನ್ನ ಕಡೆ ಬರಲಿಲ್ಲ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಜಗತ್ತಿಗೆ ಕಾಣುವುದಿಲ್ಲವೇ? ಅವಳು ಇವನನ್ನು ತನ್ನ ದೇಶಕ್ಕೆ ಕರೆದುಕೊಂಡು ಹೋಗುತ್ತಾಳೆ ಎಂದು ನನ್ನ ಮನಸ್ಸು ಹೇಳುತ್ತಿದೆ. ಅಲ್ಲಿ ಅವಳಿಗೆ ಮಗಳೋ ಮೊಮ್ಮಗಳೋ ಇರಬೇಕು.

ನೀನು ಹೇಳಿದ ಇನ್ನೊಂದು ಪ್ರಶ್ನೆ ಯಾವುದೆಂದು ನನಗೆ ಗೊತ್ತು. ಅದನ್ನು ಕೇಳುವುದಿಲ್ಲ. ಏಳನೇ ತಿಂಗಳಿಗೆ ಹುಟ್ಟಿ, ಉಸಿರು ಹಿಡಿಯಲಾರದೆ ನೀಲಿಗಟ್ಟಿದ್ದ ಕೂಸು ಅವನು. ಡಾಕ್ಟರೇ ಕೈಚೆಲ್ಲಿದಾಗ, ಇವನನ್ನು ಉಳಿಸಿಕೊಟ್ಟರೆ ನಿನ್ನ ಪೀಠಕ್ಕೇ ಕೊಡುತ್ತೇನೆ ಎಂದು ದೇವರ ಮುಂದೆ ಹರಕೆ ಹೊತ್ತೆ. ಆಗ ಪಕ್ಕದಲ್ಲಿ ನಿಂತಿದ್ದವಳು ನೀನು. ದೇವರು ತನ್ನ ಮಾತು ನಡೆಸಿದ. ನನ್ನ ಮಾತು ಏನಾಗಬೇಕು? ಅವನು ಹಿಂದಕ್ಕೆ ಹೋಗಲೇಬೇಕು ಅಕ್ಕ. ಹೋಗದಿದ್ದರೆ ನಾನು ಸುಳ್ಳಿಯಾಗುತ್ತೇನೆ.

ನನಗೆ ಆ ಭಾಷೆ ಕಲಿಸು. ಪೂರ್ತಿ ಬೇಡ, ಅವರಿಬ್ಬರು ಏನು ಮಾತಾಡುತ್ತಾರೆ ಎಂದು ತಿಳಿಯುವಷ್ಟು ಸಾಕು. ಕಾಗದದಲ್ಲೇ ಪಾಠ ಬರೆದು ಕಳಿಸು. ಅಂಚೆಯವನು ಬರುವ ಹೊತ್ತಿಗೆ ನವೀನ ಮನೆಯಲ್ಲಿರುವುದಿಲ್ಲ. ಇದ್ದರೂ ನಿನ್ನ ಕಾಗದ ಎಂದರೆ ಜಪಸರದ ವಿಷಯ ಎಂದುಕೊಳ್ಳುತ್ತಾನೆ.

ಪುಷ್ಪ

*

ಕೂನೂರು
8 ಜುಲೈ 2025

ಪುಷ್ಪ,

ಕಳ್ಳತನಕ್ಕೆ ಏಣಿ ಹಿಡಿದುಕೊಳ್ಳಲು ಕನ್ಯಾಸ್ತ್ರೀಯನ್ನು ಕರೆದವಳು ಲೋಕದಲ್ಲಿ ನೀನೊಬ್ಬಳೇ ಇರಬೇಕು. ಕಲಿಸುತ್ತೇನೆ. ಯಾಕೆ ಒಪ್ಪಿದೆ ಎಂದು ನನ್ನ ಮೇಲೂ ಅನುಮಾನ ಪಡಬೇಡ. ಈ ವಯಸ್ಸಿನಲ್ಲಿ ನನ್ನ ಹತ್ತಿರ ಆ ಭಾಷೆ ಕೇಳಲು ಬೇರೆ ಯಾರೂ ಇಲ್ಲ, ಅಷ್ಟೇ.

ಮೊದಲು ತುಂಡು ಮಾಡುವುದನ್ನು ಕಲಿ. ಕನ್ನಡದಲ್ಲಿ ನಾವು ಒತ್ತಕ್ಷರವನ್ನು ಮುಂದಿನ ಅಕ್ಷರದ ಕಾಲಿಗೆ ಕಟ್ಟುತ್ತೇವೆ. ಅವರು ಹಾಗಲ್ಲ, ಅರ್ಧವನ್ನು ಹಿಂದಿನದಕ್ಕೇ ಬಿಟ್ಟು ಮುಂದೆ ಹೋಗುತ್ತಾರೆ. ಅದಕ್ಕೇ ಅದು 'ಕಾನ್' ಎಂದು ನಿಂತು, ಆಮೇಲೆ 'ತೊ'. ನೀನು ಕಿಟಕಿ ಕೆಳಗೆ ನಿಂತು ಕೇಳಿದರೂ ಸರಿಯಾಗಿಯೇ ಬರೆದಿದ್ದೀಯ.

ಎರಡನೆಯದು ಒತ್ತು. ನಾವು ಎಲ್ಲ ಅಕ್ಷರಗಳಿಗೂ ಸಾರು ಬಡಿಸಿದ ಹಾಗೆ ಸಮವಾಗಿ ಬಡಿಸುತ್ತೇವೆ. ಅಲ್ಲಿ ಒಂದು ಪದದಲ್ಲಿ ಒಂದೇ ತುಂಡಿಗೆ ಯಜಮಾನಿಕೆ. ಪದ ಸ್ವರದಲ್ಲೋ, ನ್ ಅಥವಾ ಸ್ ಎಂದೋ ಮುಗಿದರೆ ಕೊನೆಯದರ ಹಿಂದಿನ ತುಂಡು ಜೋರು. ಬೇರೆ ವ್ಯಂಜನದಲ್ಲಿ ಮುಗಿದರೆ ಕೊನೆಯದೇ ಜೋರು. ಇದನ್ನು ಮೀರುವ ಪದಗಳ ತಲೆಯ ಮೇಲೆ ಸಣ್ಣ ಓರೆಗೆರೆ ಎಳೆದಿರುತ್ತಾರೆ. ಮೊದಲ ತುಂಡು ಒತ್ತಿ 'ಕಾನ್ತೊ' ಎಂದರೆ ನಾನು ಹಾಡುತ್ತೇನೆ. ಕೊನೆಯದನ್ನು ಒತ್ತಿದರೆ ಅವನು ಹಾಡಿದ.

ಮೂರನೆಯದು ನಿನಗೆ ಸುಲಭ. ನಮ್ಮಲ್ಲಿ 'ಹಾಡು' ಎಂಬುದಕ್ಕೆ ಬಾಲ ಕಟ್ಟಿದರೆ ಹಾಡುತ್ತೇನೆ, ಹಾಡುತ್ತೀಯ ಆಗುತ್ತದಲ್ಲ, ಅಲ್ಲೂ ಹಾಗೆಯೇ. ಬಾಲ ನೋಡಿದರೆ ಮಾಡಿದವರು ಯಾರೆಂದು ಗೊತ್ತಾಗುತ್ತದೆ. ದಿನಬಳಕೆಯ ಹತ್ತಾರು ಕ್ರಿಯಾಪದಗಳನ್ನು ಬೇರೆ ಹಾಳೆಯಲ್ಲಿ ಬಿಡಿಸಿ ಬರೆದಿದ್ದೇನೆ: ಹೋಗು, ಬಾ, ತಿನ್ನು, ಕೆಲಸ ಮಾಡು, ತಿಳಿ, ಪ್ರಾರ್ಥಿಸು.

ಹಾಳೆಯನ್ನು ಬೈಬಲಿನಲ್ಲಿ ಇಟ್ಟುಕೊಳ್ಳಬೇಡ. ಅದೊಂದಕ್ಕೆ ನಾನು ಒಪ್ಪುವುದಿಲ್ಲ.

ರೋಸ್ಲಿನ್

*

ವಿದ್ಯಾರಣ್ಯಪುರಂ
11 ಆಗಸ್ಟ್ 2025

ಅಕ್ಕ,

ತಡವಾಯಿತು, ಕಲಿಯುತ್ತಿದ್ದೆ. ಹುರುಳಿಕಾಯಿ ಹೆಚ್ಚುವಾಗ, ನಲ್ಲಿ ಹತ್ತಿರ, ಬಸ್ಸಿನಲ್ಲಿ, ಎಲ್ಲ ಕಡೆ ಬಾಯಲ್ಲಿ ಅದೇ. ಒತ್ತು ತಪ್ಪಿದರೆ ನಾನು ಮಾಡಿದ್ದು ಇನ್ನೊಬ್ಬರ ತಲೆಗೆ ಹೋಗುವ ಭಾಷೆಯನ್ನು ಜನ ಹೇಗೆ ನಂಬಿ ಆಡುತ್ತಾರೋ ಕಾಣೆ. ಇವರು ಒಂದು ದಿನ, "ಯಾರ್ ಜೊತೆ ಮಾತಾಡ್ತಿದ್ದೀಯೆ" ಎಂದರು. ಜಪ ಮಾಡುತ್ತಿದ್ದೇನೆ ಎಂದೆ. ಈ ವಾರದ ಪಾಪನಿವೇದನೆಗೆ ಅದೂ ಸೇರಿತು.

ಮೆಣಸಿನಕಾಯಿ ಒಣಗಿಸುವ ನೆಪದಲ್ಲಿ ಈಗ ತಾರಸಿಗೇ ಹೋಗುತ್ತೇನೆ. ಅವಳ ಕೋಣೆಯ ಮುಂದೆ ಎರಡು ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ. ನನ್ನನ್ನು ಕಂಡರೆ ಮಾತು ನಿಲ್ಲಿಸುವುದಿಲ್ಲ. ಇವಳಿಗೇನು ತಿಳಿಯುತ್ತದೆ ಎಂಬ ಧೈರ್ಯ. ಮೊದಮೊದಲು ಆಲಿಕಲ್ಲು ಬಿದ್ದ ಹಾಗೆ ಬರೀ ಸದ್ದು. ಆಮೇಲೆ ಒಂದೊಂದೇ ಕಿವಿಗೆ ಸಿಕ್ಕಿತು. ಊಟ ಮಾಡಿದೆ, ಬಸ್ಸು ಬಂತು, ಮಳೆ. ಅಷ್ಟಕ್ಕೇ ನನಗೆ ಏನು ಸಂಭ್ರಮ ಅಂತೀಯ.

ಕಳೆದ ಗುರುವಾರ ಸಂಭ್ರಮವೆಲ್ಲ ಇಳಿಯಿತು. ನವೀನ ಹೇಳಿದ: "ಮಿ ಮಾಮಾ ನೋ ಸಾಬೆ." ನನ್ನ ಅಮ್ಮನಿಗೆ ಗೊತ್ತಿಲ್ಲ. ಹಾಳೆ ತೆಗೆದು ಮೂರು ಸಲ ನೋಡಿದೆ, ಬಾಲ ಸರಿಯಾಗಿದೆ, ಬೇರೆ ಅರ್ಥ ಇಲ್ಲ. ಅದಕ್ಕೆ ಅವಳು ತಲೆ ಆಡಿಸಿ, ಅವನ ಕೈಮೇಲೆ ಕೈ ಇಟ್ಟಳು.

ನನಗೇನು ಗೊತ್ತಿಲ್ಲ ಅಕ್ಕ? ನನಗೆ ಗೊತ್ತಿಲ್ಲದ್ದು ಅವಳಿಗೆ ಗೊತ್ತು. ಹೆತ್ತವಳು ಕೆಳಗೆ ಮುದ್ದೆ ತಿರುವಿಕೊಂಡಿರಬೇಕು, ಮಹಡಿಯ ಬಾಡಿಗೆಯವಳಿಗೆ ಮನೆಯ ಗುಟ್ಟು. ಕೆಲಸ ಮಾಡುವುದು ಎಂಬ ಪದವೂ ಪದೇಪದೇ ಬರುತ್ತದೆ. ಅವಳ ದೇಶದಲ್ಲಿ ಕೆಲಸ ಕೊಡಿಸುತ್ತಾಳೆ, ನನ್ನ ಊಹೆ ಸುಳ್ಳಲ್ಲ. ಹೋದ ಕಾಲ, ಬರುವ ಕಾಲದ ಬಾಲಗಳನ್ನೂ ಬೇಗ ಕಳಿಸು.

ಹೊಟ್ಟೆ ಉರಿದುಕೊಂಡು ಬರೆಯುತ್ತಿದ್ದೇನೆ, ಅಕ್ಷರ ನೋಡಬೇಡ.

ಪುಷ್ಪ

*

ಕೂನೂರು
20 ಆಗಸ್ಟ್ 2025

ಪುಷ್ಪ,

ಹೋದ ಕಾಲ, ಬರುವ ಕಾಲ ಎರಡೂ ಜೊತೆಗಿರುವ ಹಾಳೆಯಲ್ಲಿವೆ. ಇದೇ ಕೊನೆಯ ಪಾಠ.

ಮರೆಯಲ್ಲಿ ನಿಂತು ಕೇಳುವವರಿಗೆ ಅರ್ಧ ಮಾತೇ ಸಿಗುವುದು, ಉಳಿದರ್ಧವನ್ನು ಅವರ ಹೆದರಿಕೆ ತುಂಬಿಕೊಳ್ಳುತ್ತದೆ. ನಿನಗೆ ಕೇಳಿಸಿದ್ದು ಒಂದೇ ವಾಕ್ಯ. ಅದಕ್ಕೆ ನೀನು ವಿಮಾನ, ಮದುವೆ, ಮೊಮ್ಮಗಳು ಎಲ್ಲ ಸೇರಿಸಿದ್ದೀಯ.

ಹರಕೆಯ ದಿನ ನಾನು ಪಕ್ಕದಲ್ಲಿದ್ದೆ ಎಂದು ಬರೆದಿದ್ದೀಯ. ಇದ್ದೆ. ನಾನು ಕಾನ್ವೆಂಟಿಗೆ ಸೇರಿದಾಗ ಅಪ್ಪ ಕುದುರೆಗಾಡಿಯ ಹಿಂದೆ ಅಳುತ್ತ ಬಂದಿದ್ದರು, ಬೇಡ ಕಣಮ್ಮ ಎಂದು. ನನ್ನನ್ನು ಯಾರೂ ಕೊಡಲಿಲ್ಲ ಪುಷ್ಪ, ನಾನೇ ಹೋದೆ. ಇದನ್ನು ಯೋಚಿಸು. ಉತ್ತರ ಬರೆಯದಿದ್ದರೂ ಚಿಂತೆಯಿಲ್ಲ.

ರೋಸ್ಲಿನ್

*

ವಿದ್ಯಾರಣ್ಯಪುರಂ
5 ಸೆಪ್ಟೆಂಬರ್ 2025

ದೊಡ್ಡಮ್ಮನವರಿಗೆ,

ನಾನು ನವೀನ. ನೇರವಾಗಿ ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ನೀವೂ ಅಮ್ಮನೂ ಸೇರಿ ನನ್ನನ್ನು ಗುರುಮಠಕ್ಕೆ ವಾಪಸು ಕಳಿಸುವ ಏರ್ಪಾಡು ಮಾಡುತ್ತಿದ್ದೀರಾ?

ವರ್ಷಕ್ಕೊಂದು ಕ್ರಿಸ್‌ಮಸ್ ಕಾರ್ಡು ಬರುತ್ತಿದ್ದ ಕೂನೂರಿನಿಂದ ಈಗ ದಪ್ಪ ಲಕೋಟೆಗಳು ಬರುತ್ತಿವೆ. ಅಮ್ಮ ಅವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಒಳಗೆ ಹೋಗುತ್ತಾಳೆ. ನಾನು ಅಡುಗೆಮನೆಗೆ ಹೋದರೆ ಬಾಯಿ ಮುಚ್ಚುತ್ತಾಳೆ. ನಿಮ್ಮ ಮೂಲಕ ಗುರುಮಠದ ರೆಕ್ಟರಿಗೆ ಬರೆಸುತ್ತಿದ್ದಾಳೆ ಎಂದು ನಾನು ನಂಬಿದ್ದೆ.

ಆದರೆ ಮೊನ್ನೆ ಒಂದು ವಿಚಿತ್ರ ನಡೆಯಿತು. ಅಮ್ಮ ನುಗ್ಗೆಕಾಯಿ ಕತ್ತರಿಸುತ್ತಿದ್ದಳು, ನಾನು ಬಾಗಿಲ ಹೊರಗೆ ಚಪ್ಪಲಿ ಬಿಡುತ್ತಿದ್ದೆ. ಚಾಕುವಿನ ಒಂದೊಂದು ಏಟಿಗೂ ಒಂದೊಂದು ತುಂಡು: ತ್ರಾ-ಬಾ-ಹೊ, ತ್ರಾ-ಬಾ-ಹಾಸ್. ಒತ್ತು ಸರಿಯಾದ ಜಾಗದಲ್ಲಿ ಬೀಳುತ್ತಿತ್ತು ದೊಡ್ಡಮ್ಮ. ನನ್ನ ಬಾಯಲ್ಲಿ ಅದನ್ನು ತಿದ್ದಲು ಗ್ರಾಸಿಯೇಲಾಗೆ ವಾರ ಹಿಡಿದಿತ್ತು. ನಾನು ಸದ್ದಿಲ್ಲದೆ ಮತ್ತೆ ಚಪ್ಪಲಿ ಮೆಟ್ಟಿಕೊಂಡು ಬೀದಿಯ ತುದಿಯವರೆಗೆ ಹೋಗಿ ಬಂದೆ.

ನೀವೇ ಕಲಿಸುತ್ತಿದ್ದೀರಿ, ಇನ್ಯಾರು? ಅಂದರೆ ತಾರಸಿಯಲ್ಲಿ ಮೆಣಸಿನಕಾಯಿ ತಿರುವುವುದು ನನ್ನ ಮಾತು ಕೇಳುವುದಕ್ಕೆ. ಮೋಡ ಕವಿದ ದಿನವೂ ಒಣಗಿಸುವಾಗಲೇ ನನಗೆ ಹೊಳೆಯಬೇಕಿತ್ತು.

ಮುಚ್ಚಿಡುವಂಥ ದೊಡ್ಡ ವಿಷಯವೇನೂ ಇಲ್ಲ. ಇಲ್ಲೇ ಮೈಸೂರಿನ ಹೆಬ್ಬಾಳದ ಕಡೆ ಒಂದು ಕಂಪನಿಯಲ್ಲಿ ಫೋನಿನಲ್ಲಿ ಸ್ಪ್ಯಾನಿಷ್ ಮಾತಾಡುವವರು ಬೇಕಾಗಿದ್ದಾರೆ. ಅದಕ್ಕೆ ಕಲಿಯುತ್ತಿದ್ದೇನೆ. ಕೆಲಸಕ್ಕೆ ಸೇರುತ್ತೇನೆ ಎಂದರೆ ಹಿಂದಕ್ಕೆ ಹೋಗುವುದಿಲ್ಲ ಎಂದೂ ಹೇಳಬೇಕು. ಆಮೇಲೆ ಯಾಕೆ ಎಂದು ಹೇಳಬೇಕು. ಅದನ್ನು ಹೇಳಲಾರದೆ ಇಷ್ಟು ದಿನ ತಳ್ಳಿದ್ದೇನೆ. ಅಮ್ಮನಿಗೆ ಎಷ್ಟು ತಿಳಿದಿದೆ? ದಯವಿಟ್ಟು ಹೇಳಿ.

ನಿಮ್ಮ,
ನವೀನ್

*

ಕೂನೂರು
13 ಸೆಪ್ಟೆಂಬರ್ 2025

ಮಗೂ ನವೀನ,

ರೆಕ್ಟರಿಗೆ ನಾನು ಒಂದು ಸಾಲೂ ಬರೆದಿಲ್ಲ, ಬರೆಯುವುದೂ ಇಲ್ಲ. ಇಷ್ಟನ್ನು ನಂಬು.

ಅಮ್ಮ ನನಗೆ ಬರೆದದ್ದನ್ನು ನಿನಗೆ ಹೇಳುವುದಿಲ್ಲ. ನೀನು ಬರೆದದ್ದನ್ನು ಅವಳಿಗೆ ಹೇಳುವುದಿಲ್ಲ. ಒಂದೇ ಸೂರಿನಡಿ ಇರುವ ಇಬ್ಬರು ಕೂನೂರಿನ ಮುದುಕಿಯ ಮೂಲಕ ಒಬ್ಬರನ್ನೊಬ್ಬರು ವಿಚಾರಿಸಿಕೊಳ್ಳುವುದು ನನಗೆ ಹಿಡಿಸುತ್ತಿಲ್ಲ. ಅಮ್ಮನಿಗೆ ಹೇಳು, ಯಾವ ಭಾಷೆಯಲ್ಲಾದರೂ ಸರಿ.

ರೋಸ್ಲಿನ್ ದೊಡ್ಡಮ್ಮ

*

ವಿದ್ಯಾರಣ್ಯಪುರಂ
6 ಅಕ್ಟೋಬರ್ 2025

ದೊಡ್ಡಮ್ಮ,

ಯಾವ ಭಾಷೆಯಲ್ಲಾದರೂ ಸರಿ ಎಂದಿರಿ. ಹಾಗೆಯೇ ಮಾಡಿದೆ.

ದಸರಾ ಜನವೆಲ್ಲ ಊರು ಖಾಲಿ ಮಾಡಿದ ಮಾರನೇ ಸಂಜೆ. ಅಮ್ಮ ಮೆಣಸಿನಕಾಯಿ ಚಾಪೆಯ ಪಕ್ಕ ಕೂತಿದ್ದಳು. ಗ್ರಾಸಿಯೇಲಾಗೆ ಮೊದಲೇ ಎಲ್ಲ ಹೇಳಿದ್ದೆ. ಅವರು ಸುಮ್ಮನೆ ಎದುರು ಕೂತು ತಲೆಯಾಡಿಸಿದರು. ನಾನು ಅವರ ಕಡೆ ಮುಖ ಮಾಡಿ, ಮೊದಲನೇ ತರಗತಿಯ ಮಗುವಿನ ಹಾಗೆ ಒಂದೊಂದು ಪದವನ್ನೂ ಬಿಡಿಸಿ, ನಿಲ್ಲಿಸಿ ನಿಲ್ಲಿಸಿ ಹೇಳಿದೆ. ನಾನು ಪ್ರಾರ್ಥಿಸಿದೆ. ಏಳು ವರ್ಷ ಪ್ರಾರ್ಥಿಸಿದೆ. ಆಚೆ ಕಡೆ ಯಾರೂ ಕೇಳಿಸಿಕೊಳ್ಳಲಿಲ್ಲ. ಕೇಳಿಸಿಕೊಂಡಂತೆ ನಟಿಸುತ್ತ ಪೀಠದ ಮುಂದೆ ನಿಲ್ಲಲಾರೆ. ನಾನು ಹಿಂದಕ್ಕೆ ಹೋಗುವುದಿಲ್ಲ. ಇಲ್ಲೇ ಕೆಲಸ ಮಾಡುತ್ತೇನೆ. ಇನ್ನೂ ಒಂದು ಮಾತು ಹೇಳಿದೆ, ಅದನ್ನು ನಿಮಗೆ ಬರೆಯಲು ಕೈ ಬರುತ್ತಿಲ್ಲ.

ನೀವು ಸಿಸ್ಟರು, ನಿಮಗೆ ಇದನ್ನು ಓದುವುದು ಕಷ್ಟವಾಗಬಹುದು. ಕನ್ನಡದಲ್ಲಿ ಅಮ್ಮನ ಮುಂದೆ ಇದನ್ನು ಹೇಳಲು ಎಷ್ಟೋ ಸಲ ಬಾಯಿ ತೆರೆದಿದ್ದೆ. ಅವಳ ಮುಖ ಕಂಡರೆ 'ಇಲ್ಲ' ಎಂಬ ಪದವೇ ಬರುವುದಿಲ್ಲ. ಅವಳು ಬೇಡಿ ಪಡೆದ ಜೀವ ಇದು ಎಂದು ಚಿಕ್ಕಂದಿನಿಂದ ಕೇಳಿಸಿಕೊಂಡು ಬೆಳೆದವನು ನಾನು.

ಅಮ್ಮ ತಲೆ ಎತ್ತಲಿಲ್ಲ. ಒಂದೊಂದೇ ಮೆಣಸಿನಕಾಯಿ ಮಗುಚುತ್ತ ಇದ್ದಳು. ನಾನು ಮುಗಿಸಿದ ಮೇಲೆ ಎದ್ದು, "ಸಾರು ಬಿಸಿ ಮಾಡ್ತೀನಿ, ಬಾ" ಎಂದು ಇಳಿದು ಹೋದಳು. ಅವತ್ತಿನಿಂದ ಕಾಫಿ ಕೊಡುತ್ತಾಳೆ, ಊಟಕ್ಕೆ ಕರೆಯುತ್ತಾಳೆ, ಬೇರೆ ಏನೂ ಇಲ್ಲ. ತಾರಸಿಗೆ ಬರುವುದನ್ನು ನಿಲ್ಲಿಸಿದ್ದಾಳೆ. ಅರ್ಥವಾಯಿತೋ ಇಲ್ಲವೋ ತಿಳಿಯದೆ ನನಗೆ ನಿದ್ದೆ ಹತ್ತುತ್ತಿಲ್ಲ. ಅಪ್ಪನನ್ನು ಕೇಳಿದರೆ, "ನಿಮ್ಮವ್ವ ಎರಡ್ ದಿನದಿಂದ ನನ್ ಮೇಲೂ ರೇಗಿಲ್ಲ ಕಣ್ಲಾ, ಏನೋ ಆಗದೆ" ಎಂದರು.

ಅವಳು ನಿಮಗೆ ಬರೆದಿದ್ದರೆ ಒಳ್ಳೆಯದೋ ಕೆಟ್ಟದ್ದೋ ಅಷ್ಟು ಮಾತ್ರ ತಿಳಿಸಿ.

ನವೀನ್

*

ಕೂನೂರು
14 ಅಕ್ಟೋಬರ್ 2025

ಪುಷ್ಪ,

ನಿನ್ನ ಕಾಗದ ಬಂದು ಎರಡು ತಿಂಗಳಾಯಿತು. ಇಲ್ಲಿ ಚಳಿ ಹಿಡಿದಿದೆ. ಅಂಚೆಯವನು ಗೇಟಿಗೆ ಬಂದಾಗಲೆಲ್ಲ ಕಿಟಕಿಗೆ ಹೋಗುತ್ತೇನೆ.

ಮುನಿಸಿದ್ದರೆ ಬೈದಾದರೂ ಬರೆ.

ರೋಸ್ಲಿನ್

*

ವಿದ್ಯಾರಣ್ಯಪುರಂ
21 ಅಕ್ಟೋಬರ್ 2025

ಅಕ್ಕ,

ಮುನಿಸಿಲ್ಲ. ಅವನು ನಿನಗೆ ಬರೆದಿರುತ್ತಾನೆ, ನೀನು ಹೇಳದಿದ್ದರೂ ಅಷ್ಟು ಊಹಿಸಬಲ್ಲೆ. ಅವನು ಬೇಕೆಂದೇ ನಿಧಾನವಾಗಿ ಹೇಳಿದ ಎಂಬುದು ಎರಡನೇ ಮಾತಿಗೇ ನನಗೆ ಗೊತ್ತಾಯಿತು. ಮರೆಯಲ್ಲಿ ಕೇಳುವವಳಿಗೆ ಯಾರಾದರೂ ಅಷ್ಟು ಬಿಡಿಸಿ ಬಡಿಸುತ್ತಾರೆಯೇ? ಅದೇ ಮೊದಲ ಸಲ ಅರ್ಧವಲ್ಲದೆ ಪೂರ್ತಿ ಮಾತು ನನಗೆ ಸಿಕ್ಕಿತು.

ದೇವರು ಕೇಳಿಸಿಕೊಳ್ಳಲಿಲ್ಲ ಎಂದ. ನನಗೆ ತಲೆ ತಿರುಗಿತು, ಸುಳ್ಳು ಹೇಳುವುದಿಲ್ಲ. ಆದರೆ ಕೆಳಗಿಳಿದು ಒಲೆ ಹಚ್ಚುವ ಹೊತ್ತಿಗೆ, ಅದು ಅವನಿಗೂ ದೇವರಿಗೂ ಸೇರಿದ ಜಗಳ, ಅವರೇ ನೋಡಿಕೊಳ್ಳಲಿ ಅನ್ನಿಸಿತು. ದೇವರಿಗೆ ನಾನೇ ನೂರು ಸಲ ಕಿವುಡ ಎಂದು ಬೈದಿದ್ದೇನೆ. ನೀನು ಕನ್ಯಾಸ್ತ್ರೀ, ಕೋಪ ಬಂದರೆ ಬರಲಿ.

ಒಂದು ಪದ ಮಾತ್ರ ತಿಳಿಯಲಿಲ್ಲ. ಕೊನೆಯಲ್ಲಿ ಹೇಳಿದ, ಅಮ್ಮ ಎಂಬುದರ ಜೊತೆಗೆ. 'ಮಿಯೇದೊ.' ನಿನ್ನ ಹಾಳೆಗಳಲ್ಲಿ ಹುಡುಕಿದೆ, ಕ್ರಿಯಾಪದಗಳಲ್ಲಿ ಅದಿಲ್ಲ. ಅದೇನೋ ಕೆಟ್ಟ ಮಾತೇ ಇರಬೇಕು ಎಂದು ಒಂದು ವಾರ ಕುದಿದೆ. ಅವನು ಇಲ್ಲದಾಗ ಮಹಡಿ ಹತ್ತಿ ಗ್ರೇಸಿಯಮ್ಮನನ್ನೇ ಕೇಳಿದೆ, ಅವಳ ಭಾಷೆಯಲ್ಲೇ. ನನ್ನ ಬಾಯಿಂದ ಅದನ್ನು ಕೇಳಿ ಅವಳು ನಗಲಿಲ್ಲ. ಕುರ್ಚಿಯಿಂದ ಎದ್ದಳು. ಆಮೇಲೆ ಎರಡೂ ಕೈ ಎದೆಗೆ ಒತ್ತಿಕೊಂಡು, ತಲೆ ತಗ್ಗಿಸಿ, ಏಟು ಬೀಳುತ್ತದೆ ಎನ್ನುವ ಮಗುವಿನ ಹಾಗೆ ಗೋಡೆ ಕಡೆ ಸರಿದು ತೋರಿಸಿದಳು.

ಹೆದರಿಕೆ. ಅವನು ಹೇಳಿದ್ದು, ನನಗೆ ಅಮ್ಮನನ್ನು ಕಂಡರೆ ಹೆದರಿಕೆ ಎಂದು.

ನಾನು ಅವಳ ಮೇಲೆ ಅನುಮಾನ ಪಟ್ಟೆ. ಕಾಣದ ದೇಶದ ಮೇಲೆ, ಇಲ್ಲದ ಮೊಮ್ಮಗಳ ಮೇಲೆ, ಕೊನೆಗೆ ನಿನ್ನ ಮೇಲೂ ಪಟ್ಟೆ. ನನ್ನ ಮೇಲೆ ಒಂದು ದಿನವೂ ಪಡಲಿಲ್ಲ. ಹರಕೆ ಹೊತ್ತವಳು ನಾನು ಅಕ್ಕ. ತೀರಿಸುವ ಭಾರವನ್ನು ಕಣ್ಣು ಬಿಡದ ಕೂಸಿನ ಮೇಲೆ ಹೊರಿಸಿ, ಅದು ದೊಡ್ಡದಾದ ಮೇಲೆ ಯಾಕೆ ಬಗ್ಗಿ ನಡೆಯುತ್ತೀಯ ಎಂದು ಕಾವಲು ಕಾದೆ. ದೇವರ ಹತ್ತಿರ ನಾನೇ ಮಾತಾಡಿಕೊಳ್ಳುತ್ತೇನೆ. ಅವನು ನನ್ನನ್ನು ಏನು ಮಾಡಿದರೂ ಮಾಡಲಿ.

ಕೊನೆಯ ಪಾಠ ಎಂದಿದ್ದೆ, ಇನ್ನೊಂದೇ ಒಂದು ಕೊಡು. ನೀನು ಕಳಿಸಿದ್ದರಲ್ಲಿ ಹೋಗುತ್ತೇನೆ, ಹೋಗುತ್ತೀಯ, ಹೋದ, ಹೋಗುತ್ತಾನೆ ಎಲ್ಲ ಇವೆ. 'ನೀನು ಹೋಗಬೇಡ' ಎಂಬುದಿಲ್ಲ. ಮಗನಿಗೆ ಹೇಳುವ ಹಾಗೆ ಬರೆ, ಒತ್ತು ಎಲ್ಲಿ ಎಂದು ಕೆಂಪು ಗೆರೆ ಎಳೆದು ಬೇಗ ಕಳಿಸು. ಕನ್ನಡದಲ್ಲೇ ಹೇಳಬಾರದೇ ಎಂದು ಕೇಳಬೇಡ. ಕನ್ನಡದಲ್ಲಾದರೆ ನನಗೆ ಅಳು ಬರುತ್ತದೆ. ನಾನು ಅತ್ತರೆ ಅವನು ಪೆಟ್ಟಿಗೆ ಕಟ್ಟಿಕೊಂಡು ಗುರುಮಠಕ್ಕೆ ಹೊರಟುಬಿಡುತ್ತಾನೆ.

ಪುಷ್ಪ